ಕಾಳಿನೊಳಗಿನ ಸಪ್ಪಳ

ಪುಣೆಯ ಮಾರ್ಕೆಟ್ ಯಾರ್ಡಿನ ಕಾಳುಕಡಿ ಪೇಟೆಯಲ್ಲಿ ಬಸವಪ್ರಭು ಅವರನ್ನು ಎಲ್ಲರೂ 'ಜ್ವಾರಿ ಕಾಕಾ', ಅಂದರೆ ಜೋಳದ ಕಾಕಾ, ಎಂದೇ ಕರೆಯುತ್ತಾರೆ. ಸವದತ್ತಿ ಕಡೆಯ ಹಳ್ಳಿಯಿಂದ, ಮೀಸೆ ಇನ್ನೂ ಸರಿಯಾಗಿ ಮೂಡದ ವಯಸ್ಸಿನಲ್ಲಿ ಬಂದು ಒಂದು ದಲಾಲಿ ಅಂಗಡಿಗೆ ಸೇರಿದವರು ಅದೇ ಅಂಗಡಿಯಲ್ಲಿ ತಲೆ ಬೆಳ್ಳಗೆ ಮಾಡಿಕೊಂಡರು. ಲಾರಿಯಿಂದ ಇಳಿದ ಜೋಳದ ಚೀಲಕ್ಕೆ ಚೂಪು ಕೊಳವೆ ಚುಚ್ಚಿ, ಕಾಳನ್ನು ಅಂಗೈಗೆ ಸುರಿದುಕೊಂಡು, ಬಣ್ಣ ನೋಡಿ, ಮೂಸಿ, ಹಲ್ಲಲ್ಲಿ ಕಚ್ಚಿ ತೇವ ಅಂದಾಜು ಮಾಡಿ, "ಇದು ಇರಲಿ, ಅದು ಬ್ಯಾಡ" ಎಂದು ಹೇಳುವುದು ಅವರ ಕೆಲಸ. ಹೊರಗೆ ಮರಾಠಿ, ಮನೆಯಲ್ಲಿ ಕನ್ನಡ, ಹಮಾಲರೊಡನೆ ಎರಡೂ ಕಲಸಿದ ಒಂದು ಭಾಷೆ.

ಈ ಕೆಲಸ ಕಲಿಸಿದವರು ಅಂಗಡಿಯ ಹಿಂದಿನ ಮುನೀಮರಾದ ಕೃಷ್ಣಾಜಿ. ಅವರು ತೀರಿಕೊಂಡು ಬಹಳ ಕಾಲವಾಯಿತು. ಕಣ್ಣು, ಮೂಗು, ಹಲ್ಲುಗಳನ್ನು ಪೇಟೆಯಲ್ಲಿ ಎಲ್ಲರೂ ಬಳಸುತ್ತಿದ್ದರು; ಕೃಷ್ಣಾಜಿ ಕಿವಿಯನ್ನೂ ಬಳಸುತ್ತಿದ್ದರು. ಮಧ್ಯಾಹ್ನ ಊಟವಾಗಿ ಹಮಾಲರೆಲ್ಲ ಚೀಲಗಳ ಮೇಲೆ ಅಡ್ಡಾಗಿ, ಪೇಟೆ ಒಂದು ಗಳಿಗೆ ಕಣ್ಣು ಮುಚ್ಚುವ ಹೊತ್ತಿಗೆ, ಅವರು ಟೊಪ್ಪಿಗೆ ತೆಗೆದಿಟ್ಟು ಚೀಲಕ್ಕೆ ಕಿವಿ ಹಚ್ಚಿ ಕೂಡುತ್ತಿದ್ದರು. ನುಸಿ ಜೋರಾಗಿ ಹತ್ತಿದ್ದರೆ ಒಳಗಿನಿಂದ ಬಹಳ ಸಣ್ಣಗೆ, ಒಣ ಎಲೆಯ ಮೇಲೆ ಇರುವೆ ಹರಿದಾಡಿದಂತೆ, ಚುರುಚುರು ಎನ್ನುವ ಸದ್ದು ಬರುತ್ತಿತ್ತು. ಅದನ್ನು ಮೊದಲ ಸಲ ಕೇಳಿದಾಗ ಬಸವಪ್ರಭು ಬೆಚ್ಚಿ ಹಿಂದೆ ಸರಿದಿದ್ದರು. ಆಮೇಲೆ ಅದು ಅವರಿಗೆ ರೂಢಿಯಾಯಿತು. ಕಾಲ ಕಳೆದಂತೆ ಆ ಸದ್ದು ಕಡಿಮೆಯಾಗುತ್ತ ಬಂತು. ಈಗಿನ ಔಷಧ ಒಳ್ಳೆಯದು, ಗೋದಾಮು ಒಳ್ಳೆಯದು, ನುಸಿ ಕಡಿಮೆಯಾಗಿದೆ ಎಂದೇ ಅವರು ತಿಳಿದಿದ್ದರು.

ಮೊನ್ನೆಯ ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಹಿಟ್ಟಿನ ಗಿರಣಿಯವರು ಅವರು ಪಾಸು ಮಾಡಿದ್ದ ಜೋಳವನ್ನು ವಾಪಸು ಕಳಿಸಿದರು. ಚೀಲದ ಹೊಲಿಗೆಯ ಸಂದಿನಲ್ಲಿ ಕಪ್ಪು ಮೂತಿಹುಳಗಳು, ಅದೇ ನುಸಿ, ಹರಿದಾಡುತ್ತಿದ್ದವು. ಅಂಗಡಿಯ ಈಗಿನ ಯಜಮಾನ ವಿಕಾಸ ವಯಸ್ಸಿನಲ್ಲಿ ಚಿಕ್ಕವನಾದರೂ ಒರಟನಲ್ಲ. "ಇರಲಿ ಕಾಕಾ, ಎಲ್ಲರಿಗೂ ಆಗ್ತದೆ" ಎಂದು ಮರಾಠಿಯಲ್ಲಿ ಹೇಳಿ ಒಳಗೆ ಹೋದ. ಆದರೆ ಚೀಲ ಇಳಿಸುತ್ತಿದ್ದ ಹಮಾಲ ಈರಣ್ಣ, ವಿಜಯಪುರದ ಕಡೆಯವನು, ಹೆಗಲ ಮೇಲಿನ ಚೀಲವನ್ನು ಕೆಳಗಿಟ್ಟು ಅದರ ಮೇಲೆ ತಲೆಯಿಟ್ಟು ಹೇಳಿದ: "ಏನ್ರೀ ಕಾಕಾ ಇದು! ಒಳಗ ಗಿರಣಿ ನಡದಂಗ ನಡದದಲ್ರಿ!"

ಬಸವಪ್ರಭು ಬಗ್ಗಿ ಕಿವಿಯಿಟ್ಟರು. ಏನೂ ಇಲ್ಲ. ಇನ್ನೊಂದು ಕಿವಿಯಿಟ್ಟರು. ಗೋಣಿಯ ಒರಟುತನ ಕೆನ್ನೆಗೆ ತಾಗಿತು. ಸದ್ದು ಮಾತ್ರ ಇಲ್ಲ. ನುಸಿ ಕಡಿಮೆಯಾಗಿರಲಿಲ್ಲ. ಕಡಿಮೆಯಾಗಿದ್ದು ತಮ್ಮ ಕಿವಿ ಎಂಬುದು ಆ ಗೋಣಿಯ ಮೇಲೆ ತಲೆಯಿಟ್ಟಲ್ಲೇ ಅವರಿಗೆ ಹೊಳೆಯಿತು. "ಹೌದೋ, ಭಾಳ ಅದ" ಎಂದು ಈರಣ್ಣನಿಗೆ ಹೇಳಿ ಎದ್ದರು.

ಬಿಬವೇವಾಡಿಯ ಮನೆಗೆ ಬಂದವರು ಹೆಂಡತಿ ಕಾಶವ್ವನ ಮುಂದೆ ಮಾತು ತೆಗೆದರು. ಆಕೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಲೇ ಇಲ್ಲ.

"ನನಗ ಯಾವಾಗೋ ಗೊತ್ತದ. ಗ್ಯಾಸ್ ಸುಂಯ್ ಅಂತ ಸೋರಿದ್ರೂ ನಿಮಗ ಗೊತ್ತಾಗೂದಿಲ್ಲ. ಕಿವಿ ಮಶೀನ್ ಹಾಕ್ಕೋರಿ ಅಂದ್ರ ಸಿಟ್ಟಿಗೇಳ್ತೀರಿ ಅಂತ ಸುಮ್ಮಿದ್ದೆ."

"ಮುದುಕರು ಹಾಕ್ಕೊಳ್ಳೋದು ಅದು."

"ನೀವೇನು ತೊಟ್ಟಿಲದಾಗ ಅದೀರಿ?"

ಆ ಹೊತ್ತಿಗೆ ಅಲ್ಲಿ ರಕ್ಷಿತ ಇದ್ದಳು. ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದ ತುಮಕೂರಿನ ಹೆಣ್ಣುಮಗಳು. ಒಂದು ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಾನಿಕ್ಸ್ ಕಲಿಸುತ್ತಾಳೆ. ಕಾಶವ್ವನ ರೊಟ್ಟಿಗೆ ಮನಸೋತು ವಾರಕ್ಕೆ ಎರಡು ಮೂರು ಸಲ ಕೆಳಗಿಳಿದು ಬರುತ್ತಾಳೆ. ಅವಳು ತಟ್ಟೆ ಕೆಳಗಿಟ್ಟು ಕೇಳಿದಳು: "ಅಂಕಲ್, ಹುಳ ನಿಜವಾಗ್ಲೂ ಸೌಂಡ್ ಮಾಡುತ್ತಾ? ಕಾಳು ತಿನ್ನೋದು ಕೇಳಿಸುತ್ತಾ?"

"ಕೇಳಸ್ತಿತ್ತವ್ವಾ. ಈಗ ಈರಣ್ಣಗ ಕೇಳಸ್ತದ."

"ಹಾಗಿದ್ರೆ ಚೀಲಕ್ಕೇ ಒಂದು ಕಿವಿ ಮಾಡೋಣ."

ತಮಾಷೆಗೆ ಹೇಳಿದಳೆಂದು ಬಸವಪ್ರಭು ನಕ್ಕರು. ಆದರೆ ಮಾರ್ಕೆಟ್ಟಿಗೆ ರಜೆಯಿದ್ದ ದಿನ ಅವಳು ಅವರನ್ನು ಎಲೆಕ್ಟ್ರಾನಿಕ್ಸ್ ಸಾಮಾನು ಮಾರುವ ಪಾಸೋಡ್ಯಾ ವಿಠೋಬಾದ ಗಲ್ಲಿಗೆ ಕರೆದುಕೊಂಡೇ ಹೋದಳು. ಅಂಗಡಿಯವನು "ಕಾಯ್ ಪಾಹಿಜೆ ಕಾಕಾ?" ಎಂದು ಅವರನ್ನೇ ಕೇಳಿದ. ಏನು ಬೇಕೆಂದು ಅವರಿಗೇನು ಗೊತ್ತು? ರಕ್ಷಿತ ಹೇಳಿದ ಸಾಮಾನೆಲ್ಲ ಒಂದು ಮುಷ್ಟಿಯಲ್ಲಿ ಹಿಡಿಯಿತು. ಆಟಿಗೆಯಲ್ಲಿ ಪೀಂ ಎನ್ನುವ ಬಝರ್‌ನೊಳಗೆ ಇರುವಂಥ ಹಿತ್ತಾಳೆಯ ತೆಳು ಬಿಲ್ಲೆ, ಅದು ನಡುಗಿದರೆ ಚೂರು ವೋಲ್ಟೇಜ್ ಹುಟ್ಟುತ್ತದೆ. ಜೊತೆಗೆ ಬಣ್ಣದ ಪಟ್ಟಿಗಳ ರೆಸಿಸ್ಟರುಗಳು, ಕೆಪಾಸಿಟರುಗಳು. ಆಮೇಲೆ ಒಂದು ಪೊಟ್ಟಣದಲ್ಲಿ ಜೋಳದ ಕಾಳಿನಷ್ಟೇ ದಪ್ಪಗಿದ್ದ, ಮೂರು ಕಾಲಿನ ಕಪ್ಪು ಟ್ರಾನ್ಸಿಸ್ಟರುಗಳು. "ಇದು ಎಫ್‌ಇಟಿ. ಕೆಲಸ ಮಾಡೋದು ಇದೇ" ಎಂದಳು.

ಊಟದ ಮೇಜಿನ ಮೇಲೆ ಕಾಶವ್ವನ ಹಳೆ ಬೆಡ್‌ಶೀಟ್ ಹಾಸಿ ಕೂತರು. ಬಸವಪ್ರಭು ಕನ್ನಡಕ ಏರಿಸಿ ಆ ಮೂರು ಕಾಲುಗಳನ್ನು ನೋಡಿದರು.

"ಈ ಕಾಲು ಸೋರ್ಸ್, ಇದು ಡ್ರೈನ್" ಎಂದು ರಕ್ಷಿತ ಸೂಜಿಯಿಂದ ತೋರಿಸಿದಳು. "ಎರಡರ ಮಧ್ಯೆ ಒಂದು ದಾರಿ ಇದೆ, ಬ್ಯಾಟರಿಯ ಕರೆಂಟ್ ಅದರಲ್ಲಿ ಹರಿಯುತ್ತೆ. ಮೂರನೇದು ಗೇಟ್. ಅದು ದಾರಿಯ ಪಕ್ಕದಲ್ಲಿ ನಿಂತಿರುತ್ತೆ ಅಷ್ಟೇ, ಮುಟ್ಟಲ್ಲ. ಗೇಟ್ ಮೇಲಿನ ವೋಲ್ಟೇಜ್ ಒಂದು ಚೂರು ಬದಲಾದ್ರೆ ದಾರಿ ಅಗಲ ಆಗುತ್ತೆ, ಇಲ್ಲ ಕಿರಿದಾಗುತ್ತೆ."

"ಅದಕ್ಕ ಶಕ್ತಿ ಎಲ್ಲಿಂದ? ಹುಳದ ಕಡೆಯಿಂದನ?"

"ಇಲ್ಲ, ಅದೇ ಮಜಾ. ಗೇಟ್ ಹುಳದಿಂದ ಏನೂ ತಗೊಳಲ್ಲ. ಈ ಬಿಲ್ಲೆಗೆ ಕರೆಂಟ್ ಕೊಡೋ ತಾಕತ್ತೇ ಇಲ್ಲ. ಸ್ವಲ್ಪ ಎಳೆದ್ರೂ ಅದರ ಸಿಗ್ನಲ್ ಬಿದ್ದುಹೋಗುತ್ತೆ. ಗೇಟ್ ಎಳೆಯಲ್ಲ. ಸುಮ್ನೆ ಗಮನಿಸುತ್ತೆ. ಓಡೋದೆಲ್ಲ ಬ್ಯಾಟರಿಯ ಕರೆಂಟು, ಆದ್ರೆ ಹುಳ ಹೇಗೆ ಆಡುತ್ತೋ ಹಾಗೇ ಓಡುತ್ತೆ. ಡ್ರೈನಿನ ದಾರಿಯಲ್ಲಿ ಒಂದು ರೆಸಿಸ್ಟರ್ ಇಟ್ರೆ, ಆ ಓಟ ಅಲ್ಲಿ ದೊಡ್ಡ ವೋಲ್ಟೇಜ್ ಆಗಿ ಕಾಣುತ್ತೆ. ತಲೆಕೆಳಗಾಗಿ, ಅಷ್ಟೇ. ಇಲ್ಲಿ ಏರಿದ್ರೆ ಅಲ್ಲಿ ಇಳಿಯುತ್ತೆ. ಸೋರ್ಸ್ ಕಾಲು ಎರಡೂ ಕಡೆಗೂ ಸಾಮಾನ್ಯ, ಅದಕ್ಕೇ ಇದಕ್ಕೆ ಕಾಮನ್ ಸೋರ್ಸ್ ಅಂತಾರೆ."

ಬಸವಪ್ರಭು ಪೇಟೆಯಲ್ಲಿ ಇಷ್ಟು ವರ್ಷ ಕಳೆದಿದ್ದರು. ಏನನ್ನೂ ತೆಗೆದುಕೊಳ್ಳದೆ ಕೆಲಸ ನಡೆಸುವ ಒಂದು ಬಾಗಿಲನ್ನು ಎಲ್ಲೂ ಕಂಡಿರಲಿಲ್ಲ.

ಇಂಥ ಮೂರು ಹಂತಗಳನ್ನು ಸಾಲಾಗಿ ಜೋಡಿಸಿದರು. ಒಂದು ಹಿಗ್ಗಿಸಿದ್ದನ್ನು ಇನ್ನೊಂದು ಹಿಗ್ಗಿಸಬೇಕು, ಕೊನೆಗೆ ಇಯರ್‌ಫೋನು. ಬೆಸುಗೆ ಹಾಕಲು ಬಸವಪ್ರಭು ಕೈ ಹಚ್ಚಿದರು. ಕಾಳು ಆರಿಸಿ ಪಳಗಿದ ಬೆರಳುಗಳವು. ವಾಪಸು ಬಂದ ಚೀಲದ ಒಂದು ಬೊಗಸೆ ಜೋಳವನ್ನು ಸ್ಟೀಲಿನ ಬಟ್ಟಲಿಗೆ ಹಾಕಿ, ತಳಕ್ಕೆ ಬಿಲ್ಲೆಯನ್ನು ಅಂಟಿಸಿ, ಬ್ಯಾಟರಿ ಸಿಕ್ಕಿಸಿ ಕಿವಿಗಿಟ್ಟರು.

ಏನೂ ಇಲ್ಲ. ಕಾಶವ್ವ ಕಿವಿಗಿಟ್ಟು ನೋಡಿದಳು, ಅವಳಿಗೂ ಇಲ್ಲ. ರಕ್ಷಿತ ಬಟ್ಟಲನ್ನು ಉಗುರಿನಿಂದ ಕುಟ್ಟಿದಾಗ ಮಾತ್ರ ಎಲ್ಲೋ ದೂರದಲ್ಲಿ ಒಡಕು ಡಬ್ಬಿ ಬಡಿದಂತೆ ಕರ್ ಎಂದಿತು.

"ಹುಳ ಸತ್ತಾವೇನೋ" ಎಂದರು ಬಸವಪ್ರಭು. ತಮ್ಮ ದನಿಯಲ್ಲಿದ್ದ ನಿರಾಸೆ ಅವರಿಗೇ ನಾಚಿಕೆ ತಂದಿತು.

ರಕ್ಷಿತ ಮೀಟರಿನ ಕಡ್ಡಿಗಳನ್ನು ಒಂದೊಂದು ಎಫ್‌ಇಟಿಯ ಡ್ರೈನಿಗೂ ಮುಟ್ಟಿಸಿ ನೋಡಿದಳು. "ಹುಳ ಸತ್ತಿಲ್ಲ ಅಂಕಲ್. ಇವು ನಿಂತಿರೋ ಜಾಗ ಸರಿಯಿಲ್ಲ. ನೋಡಿ, ಇದು ಪೂರ್ತಿ ತೆರೆದುಬಿಟ್ಟಿದೆ. ಡ್ರೈನ್ ನೆಲಕ್ಕೆ, ಅಂದ್ರೆ ಸೊನ್ನೆಗೆ, ಕೂತಿದೆ. ಇನ್ನು ಕೆಳಗೆ ಹೋಗೋಕೆ ಜಾಗ ಇಲ್ಲ. ಇದು ನೋಡಿ, ಹೆಚ್ಚೂಕಮ್ಮಿ ಮುಚ್ಚಿಕೊಂಡಿದೆ. ಡ್ರೈನ್ ಬ್ಯಾಟರಿಯ ಎತ್ತರಕ್ಕೇ ಅಂಟಿದೆ. ಇನ್ನು ಮೇಲೆ ಹೋಗೋಕೆ ಜಾಗ ಇಲ್ಲ."

"ಅಂದ್ರ ನಡುವ ನಿಲ್ಲಬೇಕು."

"ನಡುವೆ ನಿಲ್ಲಬೇಕು. ಸಿಗ್ನಲ್ ಬರೋಕೆ ಮುಂಚೆ, ಏನೂ ಸದ್ದಿಲ್ಲದಾಗ ಎಲ್ಲಿ ನಿಂತಿರುತ್ತೆ ಅನ್ನೋದನ್ನ ಮೊದಲೇ ಗೊತ್ತು ಮಾಡಬೇಕು. ಅದಕ್ಕೆ ಬಯಾಸ್ ಅಂತಾರೆ."

ಅದು ಬಸವಪ್ರಭುಗೆ ಚಕ್ಕನೆ ತಿಳಿಯಿತು. ಕೃಷ್ಣಾಜಿಯ ಕಾಲದಲ್ಲಿ ದೊಡ್ಡ ತಕ್ಕಡಿಗೆ ಏನೂ ಹಾಕುವ ಮುಂಚೆ ಮುಳ್ಳು ನಡುವೆ ನಿಂತಿದೆಯೇ ಎಂದು ನೋಡುತ್ತಿದ್ದರು. ಒಂದು ಕಡೆ ವಾಲಿ ಕಟ್ಟೆಗೆ ತಾಗಿದ ತಕ್ಕಡಿ ಒಂದು ಕಾಳಿನ ಭಾರವನ್ನೂ ಹೇಳಲಾರದು.

"ಆದ್ರ ಮೂರೂ ಒಂದ ಪೊಟ್ಟಣದ್ದು. ಒಂದು ತೆರೀತದ, ಒಂದು ಮುಚ್ಚತದ, ಯಾಕ?"

"ಒಂದು ಚೀಲದ ಕಾಳೆಲ್ಲ ಒಂದೇ ತೂಕ ಇರುತ್ತಾ ಅಂಕಲ್? ಇವೂ ಹಾಗೇ. ಒಂದೇ ಹೆಸರು, ಗುಣ ಬೇರೆ ಬೇರೆ. ಅದಕ್ಕೇ ಸೋರ್ಸ್ ಕಾಲಿನ ಕೆಳಗೆ ಈ ಪುಟ್ಟ ರೆಸಿಸ್ಟರ್ ಇರೋದು." ಅವಳು ಸೂಜಿಯಿಂದ ಒಂದೊಂದನ್ನೇ ತೋರಿಸುತ್ತ ನಿಧಾನವಾಗಿ ಹೇಳಿದಳು: "ಗೇಟನ್ನ ದೊಡ್ಡ ರೆಸಿಸ್ಟರಿನಿಂದ ನೆಲಕ್ಕೆ ಕಟ್ಟಿದೀವಿ, ಅದು ಸೊನ್ನೆಯಲ್ಲಿರುತ್ತೆ. ಕರೆಂಟ್ ಹರಿದಾಗ ಸೋರ್ಸ್ ಕಾಲು ಸ್ವಲ್ಪ ಮೇಲೇಳುತ್ತೆ. ಸೋರ್ಸ್ ಮೇಲೆದ್ರೆ, ಅದರ ಕಣ್ಣಿಗೆ ಗೇಟ್ ಕೆಳಗಿಳಿದ ಹಾಗೆ. ಗೇಟ್ ಕೆಳಗಿಳಿದ್ರೆ ದಾರಿ ಕಿರಿದಾಗುತ್ತೆ. ಕರೆಂಟ್ ಜಾಸ್ತಿ ಆಯ್ತಾ, ಕಾಲು ಇನ್ನೂ ಮೇಲೆದ್ದು ತಾನೇ ಅದನ್ನ ತಡೆಯುತ್ತೆ. ಕಡಿಮೆ ಆಯ್ತಾ, ಕಾಲು ಇಳಿದು ದಾರಿ ಬಿಡುತ್ತೆ. ಹೊರಗಿಂದ ಯಾರೂ ಹೇಳೋದು ಬೇಡ."

"ತನ್ನನ್ನ ತಾನ ಹಿಡಕೊಂಡು ನಿಂದರತದ!"

"ಹ್ಞೂಂ. ಆದ್ರೆ ಸಿಗ್ನಲನ್ನೂ ಹೀಗೇ ತಡೆದ್ರೆ ಸದ್ದು ಸಣ್ಣದಾಗುತ್ತಲ್ಲ? ಅದಕ್ಕೆ ಪಕ್ಕದಲ್ಲಿ ಈ ಕೆಪಾಸಿಟರ್. ನಿಧಾನದ ಏರಿಳಿತಕ್ಕೆ ಮಾತ್ರ ಹಿಡಿತ. ಬೇಗ ಬೇಗ ಬರೋ ಸದ್ದಿಗೆ ಪಕ್ಕದ ದಾರಿ ಬಿಟ್ಟುಕೊಡುತ್ತೆ."

ಪೂರ್ತಿ ತೆರೆದುಕೊಂಡಿದ್ದಕ್ಕೆ ಸೋರ್ಸಿನಡಿ ದೊಡ್ಡ ರೆಸಿಸ್ಟರ್, ಮುಚ್ಚಿಕೊಂಡಿದ್ದಕ್ಕೆ ಚಿಕ್ಕದು. ಒಂದನ್ನು ತೆಗೆದು ಇನ್ನೊಂದು ಹಾಕಿ, ಮೀಟರ್ ನೋಡಿ, ಮತ್ತೆ ಬದಲಿಸಿ, ಮೂರೂ ಎಫ್‌ಇಟಿಗಳ ಡ್ರೈನುಗಳು ಹೆಚ್ಚುಕಡಿಮೆ ನಡುಮಟ್ಟಕ್ಕೆ ಬಂದು ನಿಂತವು. ಇಯರ್‌ಫೋನಿನಲ್ಲಿ ಹಗುರಾದ ಒಂದು ಸರಸರ ಹುಟ್ಟಿತು, ಯಾವ ಸ್ಟೇಷನ್ನೂ ಹಿಡಿಯದ ರೇಡಿಯೋದಂತೆ. "ಈಗ ಜೀವ ಬಂತು" ಎಂದಳು ರಕ್ಷಿತ. ಫ್ಯಾನ್ ಆರಿಸಿದರು. ಕಾಶವ್ವ ಕಿಟಕಿ ಮುಚ್ಚಿ ಬಂದಳು. ಬಸವಪ್ರಭು ಬಟ್ಟಲಿನ ಮುಂದೆ ಕಣ್ಣುಮುಚ್ಚಿ ಕೂತರು.

ಮೊದಲು ಸರಸರ ಮಾತ್ರ. ಆಮೇಲೆ ಒಂದು ಚಿಟ್. ಬಿಟ್ಟು ಮತ್ತೆ ಚಿಟ್, ಚಿಟಿ ಚಿಟಿ. ಅದು ಕೃಷ್ಣಾಜಿಯ ಚೀಲದ ಸದ್ದಾಗಿರಲಿಲ್ಲ. ಅಲ್ಲಿ ಕೇಳಿದ್ದು ಜಾತ್ರೆಯ ಗದ್ದಲ, ಇಲ್ಲಿ ಕೇಳುತ್ತಿದ್ದುದು ಒಬ್ಬನೇ ಒಬ್ಬ ಊಟಕ್ಕೆ ಕೂತ ಸದ್ದು. ಕಡಿಯುವುದು, ನಿಲ್ಲುವುದು, ಮೈ ಹೊರಳಿಸಿದಂತೆ ಒಂದು ಉಜ್ಜಾಟ, ಮತ್ತೆ ಕಡಿಯುವುದು. ಬಸವಪ್ರಭು ಬಟ್ಟಲಿನಿಂದ ಕಾಳುಗಳನ್ನು ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ ಬಂದರು. ಸದ್ದು ಉಳಿಯಿತು. ಕೊನೆಗೆ ಬಟ್ಟಲಿನಲ್ಲಿ ಕೆಲವೇ ಕಾಳುಗಳಿದ್ದವು. ಅವನ್ನೂ ಒಂದೊಂದಾಗಿ ತೆಗೆದಾಗ ಒಂದು ಕಾಳು ಉಳಿಯಿತು. ಸದ್ದು ಅದರೊಳಗಿತ್ತು.

ಅವರು ಆ ಕಾಳನ್ನು ಬೆಳಕಿಗೆ ಹಿಡಿದರು. ಬೆಳ್ಳಗೆ, ದುಂಡಗೆ, ಮುತ್ತಿನಂಥ ಮಾಲದಂಡಿ ಜೋಳ. ತೂತಿಲ್ಲ, ಪುಡಿಯಿಲ್ಲ. ಇಂಥ ಕಾಳನ್ನು ಅವರು ಜೀವಮಾನವಿಡೀ ಪಾಸು ಮಾಡಿದ್ದರು. ತಾಯಿಹುಳ ಕಾಳಿಗೆ ಸಣ್ಣ ಕುಳಿ ಕೊರೆದು, ಮೊಟ್ಟೆಯಿಟ್ಟು, ತನ್ನ ಅಂಟಿನಿಂದಲೇ ಬಾಯಿ ಮುಚ್ಚಿ ಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಹೊರಗೆ ಬಂದ ಹುಳವನ್ನು ಎಷ್ಟೋ ನೋಡಿದ್ದರು. ಒಳಗೆ ಇರುವಾಗಲೇ ಅದರ ಜೊತೆ ಒಂದು ಹೊತ್ತು ಕಳೆದದ್ದು ಇದೇ ಮೊದಲು.

ಅವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಕಾಶವ್ವ ಹೆದರಿ "ಏನಾತ್ರಿ?" ಎಂದಳು. ಅವರು ಇಯರ್‌ಫೋನನ್ನು ಅವಳ ಕಿವಿಗೆ ಇಟ್ಟರು. ಅವಳು ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಳು.

"ಶಿವನೇ, ಉಣ್ಣಾಕತ್ತದ!"

ರಕ್ಷಿತಳ ಸರದಿ ಬಂದಾಗ ಅವಳು ಬಹಳ ಹೊತ್ತು ಅದನ್ನು ಕಿವಿಯಿಂದ ತೆಗೆಯಲೇ ಇಲ್ಲ. "ಎಷ್ಟು ವರ್ಷದಿಂದ ಈ ಸರ್ಕ್ಯೂಟ್ ಪಾಠ ಮಾಡ್ತಿದೀನಿ ಅಂಕಲ್" ಎಂದಳು ಆಮೇಲೆ. "ಇನ್‌ಪುಟ್ ಅಂತ ಬೋರ್ಡ್ ಮೇಲೆ ಒಂದು ಅಲೆ ಬರೀತಿದ್ದೆ. ಅಲ್ಲಿ ಯಾರೋ ಇರ್ತಾರೆ ಅಂತ ಒಂದು ಸಲಾನೂ ಅನಿಸಿರಲಿಲ್ಲ."

ಆ ಯಂತ್ರವನ್ನು ಬಸವಪ್ರಭು ಒಂದು ಟಿಫಿನ್ ಡಬ್ಬಿಯಲ್ಲಿ ಕೂರಿಸಿ ಮಾರ್ಕೆಟ್ ಯಾರ್ಡಿಗೆ ತಂದರು. ಬಿಲ್ಲೆಯನ್ನು ಚೀಲಕ್ಕೆ ಚುಚ್ಚುವ ಕೊಳವೆಯ ಹಿಡಿಗೆ ಕಟ್ಟಿದರು. ಕೊಳವೆ ಚೀಲದ ಹೊಟ್ಟೆಯವರೆಗೆ ಇಳಿದಾಗ ಒಳಗಿನ ನಡುಕ ಉಕ್ಕಿನ ಮೂಲಕ ಮೇಲೇರಿ ಬರುತ್ತಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ಈರಣ್ಣನಿಗೆ ಕೇಳಿಸಿದರು. ಅವನು ಗಾಬರಿಯಿಂದ ಚೀಲವನ್ನೂ ಅವರನ್ನೂ ನೋಡಿದ. "ಇದು ಬರೇ ಕೇಳಸೂದಲ್ರಿ ಕಾಕಾ, ಒಳಗ ಹೋಗಿ ಕುಂತಂಗ ಆಗತದ." ಹಮಾಲರು ಒಬ್ಬೊಬ್ಬರಾಗಿ ಎದ್ದು ಬಂದರು. ನಿದ್ದೆ ಬಿಟ್ಟು, ಬೆನ್ನು ಒರೆಸಿಕೊಳ್ಳುತ್ತ, ಸರದಿಯಲ್ಲಿ ನಿಂತು ಕೇಳಿದರು. ತಾವು ದಿನವೂ ಹೆಗಲ ಮೇಲೆ ಹೊತ್ತು ತಿರುಗುವ ಚೀಲಗಳಲ್ಲಿ ಇಷ್ಟು ಸಂಸಾರ ನಡೆದಿದೆಯೆಂದು ಯಾರೂ ಎಣಿಸಿರಲಿಲ್ಲ. ವಿಕಾಸ ಹೊರಗೆ ಬಂದವನು ತಾನೂ ಕೇಳಿ, ಅಲ್ಲೇ ಚೀಲದ ಮೇಲೆ ಕೂತುಬಿಟ್ಟ.

ವ್ಯಾಪಾರ ವ್ಯಾಪಾರವೇ. ಸದ್ದಿದ್ದ ಚೀಲಗಳನ್ನೆಲ್ಲ ಬೇರೆ ಮಾಡಿ, ತಾಡಪತ್ರಿ ಹೊದಿಸಿ, ಔಷಧದ ಹೊಗೆ ಕೊಟ್ಟರು. ತೆರೆದ ದಿನ ಬಸವಪ್ರಭು ಕೊಳವೆ ಇಳಿಸಿ ಕೇಳಿದರು. ಬರೀ ಸರಸರ. ಕೆಲಸ ಸರಿಯಾಗಿ ಆಗಿದೆ ಎಂದು ವಿಕಾಸನಿಗೆ ಹೇಳಿದರು. ಮನುಷ್ಯರ ಅನ್ನ ಅದು, ಉಳಿಸಲೇಬೇಕು. ಆದರೂ ಅಷ್ಟೊಂದು ಬಾಯಿಗಳು ಒಮ್ಮೆಲೇ ಸುಮ್ಮನಾದದ್ದನ್ನು ತಮ್ಮ ಕಿವಿಯಿಂದಲೇ ಕೇಳಿದವರು ಅವರೊಬ್ಬರೇ.

ಮನೆಯಲ್ಲಿ ಉಳಿದಿದ್ದ ಆ ಒಂದು ಕಾಳನ್ನು ಅವರು ಬಾಟಲಿಯಲ್ಲಿ ಹಾಕಿ, ಬಾಯಿಗೆ ಬಟ್ಟೆ ಕಟ್ಟಿ ಇಟ್ಟಿದ್ದರು. ಸಂಜೆ ಕೈಕಾಲು ತೊಳೆದ ಮೇಲೆ ಅದನ್ನು ಬಿಲ್ಲೆಯ ಮೇಲಿಟ್ಟು ಕೇಳುವುದು ರೂಢಿಯಾಯಿತು. ಕೆಲವು ದಿನ ಕಡಿತ ಜೋರಾಯಿತು. ಆಮೇಲೆ ಒಂದು ಸಂಜೆ ಏನೂ ಇಲ್ಲ, ಮರುದಿನವೂ ಇಲ್ಲ. ಬ್ಯಾಟರಿ ಬದಲಿಸಿದರು, ರಕ್ಷಿತಳಿಂದ ಮೀಟರ್ ತರಿಸಿ ಡ್ರೈನುಗಳು ನಡುವೆಯೇ ನಿಂತಿವೆಯೇ ಎಂದು ತಾವೇ ನೋಡಿದರು. ನಿಂತಿದ್ದವು. "ಹೋಗಿರಬೇಕು" ಎಂದುಕೊಂಡರೂ ಕೇಳುವುದನ್ನು ಬಿಡಲಿಲ್ಲ. ಒಂದು ದಿನ ಮತ್ತೆ ಸದ್ದು ಬಂತು, ಆದರೆ ಬೇರೆ ಸದ್ದು. ಗಟ್ಟಿ ಬಾಗಿಲನ್ನು ಒಳಗಿನಿಂದ ಕೆರೆದಂತೆ. ಕಾಶವ್ವನನ್ನು ಕೂಗಿದರು. ಇಬ್ಬರೂ ನೋಡುತ್ತಿದ್ದಂತೆ ಕಾಳಿನ ಬದಿಯಲ್ಲಿ ಚುಕ್ಕೆಯಷ್ಟು ತೂತು ಬಿದ್ದು, ಅದರಿಂದ ಒಂದು ಸಣ್ಣ ಮೂತಿ ಹೊರಬಂತು. ಮೂಕವಾಗಿದ್ದಷ್ಟು ದಿನ ಅದು ಒಳಗೆ ತನ್ನ ಮೈಯನ್ನೇ ಹೊಸದಾಗಿ ಕಟ್ಟಿಕೊಳ್ಳುತ್ತಿತ್ತು.

ಕಿವಿ ಮಶೀನಿನ ಮಾತನ್ನು ಆಮೇಲೆ ಅವರೇ ತೆಗೆದರು. ಸ್ವಾರಗೇಟದ ಹತ್ತಿರದ ಕಿವಿ ತಪಾಸಣೆಯ ಕೇಂದ್ರಕ್ಕೆ ಕಾಶವ್ವನೊಡನೆ ಹೋದರು. ಮೇಲಿನ ಸ್ವರಗಳೆಲ್ಲ ಕಿವಿಯಿಂದ ಜಾರಿವೆ ಎಂದು ಅಲ್ಲಿನವರು ಗೆರೆ ಎಳೆದು ತೋರಿಸಿದರು. ರಕ್ಷಿತಳಿಗೆ ಫೋನು ಮಾಡಿ ಬಸವಪ್ರಭು ಕೇಳಿದ್ದು ಒಂದೇ ಪ್ರಶ್ನೆ: "ಇದರ ಮೈಕಿನಾಗೂ ಆ ಗೇಟ್ ಇರ್ತದನ?"

"ಇರುತ್ತೆ ಅಂಕಲ್, ಕಣ್ಣಿಗೂ ಕಾಣದಷ್ಟು ಚಿಕ್ಕದು. ಏನೂ ಎಳೆಯದೆ ಕೇಳಿಸಿಕೊಳ್ಳೋ ಕೆಲಸ ಅಲ್ಲೂ ಅದರದ್ದೇ."

ಅಲ್ಲಿ ಕೊಟ್ಟ ಕಿವಿ ಮಶೀನನ್ನು ಹಾಕಿಕೊಂಡು ಹೊರಗೆ ಬಂದರೆ ಬಸ್‌ಸ್ಟ್ಯಾಂಡಿನ ಹಾರ್ನುಗಳು ತಲೆಯೊಳಗೆ ಮೊಳೆ ಹೊಡೆದಂತೆ ಹೊಡೆದವು. ಅವರು ಅಲ್ಲೇ ತೆಗೆದು ಜೇಬಿಗೆ ಹಾಕಿಕೊಂಡು ಕಾಶವ್ವನಿಂದ ಬೈಸಿಕೊಂಡರು. ಮರುದಿನ ಅಂಗಡಿಯಲ್ಲಿ ಮತ್ತೆ ಹಾಕಿಕೊಂಡರು. ಈರಣ್ಣ ಆಗ ಒಂದು ಚೀಲದ ಬಾಯಿ ಬಿಚ್ಚಿ ಜೋಳವನ್ನು ರಾಶಿಗೆ ಸುರಿಯುತ್ತಿದ್ದ.

ಬಸವಪ್ರಭು ಕೈಯಲ್ಲಿದ್ದುದನ್ನು ಬಿಟ್ಟು ನಿಂತರು. ಜೋಳ ಬೀಳುವಾಗ ಝಲ್ಲೆಂದು ಒಂದು ಸಣ್ಣ, ತಣ್ಣನೆಯ ಸದ್ದು ಬರುತ್ತದೆ. ಕಡಲೆಯದು ಗಡಸು, ಹೆಸರಿನದು ಮೃದು. ಹುಡುಗನಾಗಿದ್ದಾಗ ಕಣ್ಣು ಮುಚ್ಚಿ ಯಾವುದು ಸುರಿಯುತ್ತಿದೆ ಎಂದು ಹೇಳುತ್ತಿದ್ದರು. ಅದು ತಮ್ಮಿಂದ ಯಾವಾಗ ಹೋಯಿತೆಂದೇ ಅವರಿಗೆ ತಿಳಿದಿರಲಿಲ್ಲ.

"ಈರಣ್ಣಾ, ಇನ್ನೊಂದು ಚೀಲ ಸುರುವೋ."

"ಅದನ್ನ ನಾಳಿ ಬಿಚ್ಚೂದು ಅಂದಿದ್ರಲ್ರೀ?"

"ಇರಲಿ, ಸುರುವು. ಸಾವಕಾಶ ಸುರುವು."

ಈರಣ್ಣ ಅವರ ಮುಖ ನೋಡಿ ಇನ್ನೊಂದು ಚೀಲದ ಹೊಲಿಗೆ ಬಿಚ್ಚಿದ.